ಕ್ಯಾಲಿಕೋ ಬಟ್ಟೆ ಮತ್ತು ನಮ್ಮ ದೇವದುರ್ಗದ ಹತ್ತಿ

ದೀಪಾವಳಿ ರಜೆ ಮುಗಿದ ಮೇಲೂ ಎರಡು ದಿನ ವರ್ಕ್ ಫ್ರಮ್ ಹೋಮ್ ತಗೊಂಡು ಊರಲ್ಲೇ ಉಳಿದಿದ್ದೆ. ನಮ್ಮದು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿ. ಹತ್ತಿ ಬಿಡಿಸೋ ಹೊತ್ತು. "ನಾಳೆ ಗಂಜಿಗೆ ಹೋಗೋದೈತಿ, ಬರ್ತೀಯೇನಪಾ?" ಅಂದ್ರು ಅಪ್ಪ. ಕಾಲೇಜಿಗೆ ಸೇರಿದ ಮೇಲೆ ನಾನು ಆ ಕಡೆ ಹೋಗಿರಲೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು ಗಾಡಿ ಹತ್ತಿದೆ.

ಹಬ್ಬ ಆದ ಮೇಲೆ ರಾಯಚೂರಿನ ಗಂಜ್ ನೋಡಬೇಕು ನೀವು. ಎತ್ತ ನೋಡಿದರೂ ಬಿಳಿ. ಖರೀದಿದಾರ ಬಂದು ಒಂದು ಹಿಡಿ ಹತ್ತಿ ಕಿತ್ತು, ಹಿಚುಕಿ ತೇವ ನೋಡ್ತಾನೆ. ಎಳೆ ಎಳೆದು ಉದ್ದ ನೋಡ್ತಾನೆ. ಅರ್ಧ ನಿಮಿಷ ಅಷ್ಟೇ. ಆರು ತಿಂಗಳ ದುಡಿಮೆಗೆ ಅದೇ ಇಂಟರ್‌ವ್ಯೂ.

ದರ ಬೀಳೋವರೆಗೆ ಅಡತ್ ಅಂಗಡಿ ಮುಂದೆ ಚಹಾ ಕುಡಿಯುತ್ತಾ ಅಪ್ಪನಿಗೆ ಕಲ್ಲಿಕೋಟೆ ಕಥೆ ಹೇಳಿದೆ. ಹಿಂದಿನ ತಿಂಗಳು ಆಫೀಸಿನ ಗೆಳೆಯರ ಜೊತೆ ಹೋಗಿದ್ದೆ. ಈಗ ಕೋಯಿಕ್ಕೋಡ್ ಅಂತಾರೆ. ಇಂಗ್ಲಿಷರ ಬಾಯಲ್ಲಿ ಅದು ಕ್ಯಾಲಿಕಟ್. 1498ರಲ್ಲಿ ವಾಸ್ಕೋ ಡ ಗಾಮ ಬಂದಿಳಿದಿದ್ದು ಅದೇ ಕರಾವಳಿಗೆ. ಅಲ್ಲಿಂದ ಹಡಗು ಹತ್ತಿದ ಹತ್ತಿ ಬಟ್ಟೆಗೆ ಊರಿನ ಹೆಸರೇ ಅಂಟಿಕೊಂಡು 'ಕ್ಯಾಲಿಕೋ' ಆಯ್ತು. ಆಮೇಲೆ ಗುಜರಾತಿನ ಬಟ್ಟೆಯೂ ಕ್ಯಾಲಿಕೋ, ಕೋರಮಂಡಲದ್ದೂ ಕ್ಯಾಲಿಕೋ. ಈಗ ಆ ಹೆಸರಲ್ಲಿ ಸಿಗೋದು ಹೆಚ್ಚಾಗಿ ನಮ್ಮ ಅಂಗಡಿಗಳ ಕೋರಾ ಬಟ್ಟೆಯಂಥದ್ದು.

ಇಂಗ್ಲೆಂಡಿನ ಜನ ಅದಕ್ಕೆ ಎಷ್ಟು ಮರುಳಾದರಂದ್ರೆ, ಅಲ್ಲಿನ ಉಣ್ಣೆ, ರೇಷ್ಮೆ ನೇಕಾರರು ದಂಗೆ ಎದ್ದರು. 1700ರಲ್ಲಿ ಅಚ್ಚು ಹಾಕಿದ ಭಾರತದ ಬಟ್ಟೆ ತರಿಸೋದಕ್ಕೆ ನಿಷೇಧ ಬಂತು. 1721ರಲ್ಲಿ ಅಂಥ ಬಹುತೇಕ ಬಟ್ಟೆಗಳನ್ನ ಉಡೋದಕ್ಕೇ ನಿಷೇಧ! 1774ರಲ್ಲಿ, ತಮ್ಮಲ್ಲೇ ಹತ್ತಿ ಬಟ್ಟೆ ನೇಯೋದು ಬೆಳೆದ ಮೇಲೆ, ಅವರದಕ್ಕೆ ಆ ಕಾನೂನು ಸಡಿಲಾಯ್ತು.

ಅಪ್ಪ ಎಲ್ಲ ಕೇಳಿ, "ಅಲ್ಲಿ ಹತ್ತಿ ಬೆಳೀತಾರೇನು?" ಅಂದ್ರು. ನನಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಕಲ್ಲಿಕೋಟೆ ಸುತ್ತ ನಾನು ನೋಡಿದ್ದೆಲ್ಲ ತೆಂಗು. "ಇಲ್ಲಪ್ಪಾ, ಅದು ಬಂದರು" ಅಂದೆ.

ಗಂಜಿಂದ ನಮ್ಮ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಹೋಗುತ್ತೆ. ಒಂದು ಕ್ವಿಂಟಲ್‌ಗೆ ಹೆಚ್ಚುಕಡಿಮೆ 35 ಕಿಲೋ ಅರಳೆ. ಉಳಿದದ್ದು ಬಹುಪಾಲು ಬೀಜ. ಅರಳೆಯನ್ನ 170 ಕಿಲೋ ಬೇಲ್ ಮಾಡಿ ಲಾರಿಗೆ ಹಾಕ್ತಾರೆ. ಅಷ್ಟೊತ್ತಿಗೆ ಅದು ಯಾವ ಹೊಲದ್ದು ಅಂತ ಗೊತ್ತಾಗೋ ದಾರಿಯೇ ಇರಲ್ಲ.

ವಾಪಸ್ ಬರುವಾಗ ಮಾನ್ವಿಯಲ್ಲಿ ಅತ್ತೆ ಮನೆಗೆ ಹೋದ್ವಿ. ಅವರದು ತುಂಗಭದ್ರಾ ಕಾಲುವೆ ನೀರು, ಭತ್ತದ ಗದ್ದೆ. ಅಳಿಯ ಬಂದನಂತ ಅತ್ತೆ ಇಳಕಲ್ ಸೀರೆ ಉಟ್ಟಿದ್ದರು. ಅದಕ್ಕೆ ನೇಯೋ ಊರಿನ ಹೆಸರು. ಕ್ಯಾಲಿಕೋಗೆ ಹಡಗು ಹತ್ತಿಸಿದ ಊರಿನ ಹೆಸರು. ನನ್ನ ಶರ್ಟ್ ಕಾಲರಿನಲ್ಲಿ ಕಂಪನಿ ಹೆಸರು. ಬೆಳೆದ ಊರಿನದು ಎಲ್ಲೂ ಇಲ್ಲ.

ಅತ್ತೆ ಊಟಕ್ಕೆ ಬಡಿಸುತ್ತಾ, "ಬರೋ ವರ್ಷಾನೂ ಹತ್ತಿನೇ ಹಾಕ್ತೀಯೇನಣ್ಣ?" ಅಂದ್ರು. ಅಪ್ಪ ತಟ್ಟೆಯಿಂದ ತಲೆ ಎತ್ತದೆ, "ತೊಗರಿ ಹಾಕಬೇಕಂತೀನಿ" ಅಂದ್ರು. ನನಗೆ ಅದೇ ಮೊದಲು ಗೊತ್ತಾಗಿದ್ದು. ಬಿಡಿಸೋ ಆಳಿನ ಕೂಲಿ ಎಷ್ಟು, ಔಷಧಿಗೆ ಎಷ್ಟು ಅಂತ ನಾನು ಒಂದು ಫೋನಲ್ಲೂ ಕೇಳಿರಲಿಲ್ಲ. ಮುನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಕಾನೂನು ಮಾತ್ರ ಬಾಯಿಪಾಠ!

ಗಾಡಿಯಲ್ಲಿ, "ಬಟ್ಟೆಗೆ ನಮ್ಮೂರ ಹೆಸರೂ ಇರಬೇಕಿತ್ತಲ್ಲಪ್ಪಾ" ಅಂದೆ. ಅಪ್ಪ ನಕ್ಕರು. "ಹೆಸರು ಇರ್ಲಿ ಬಿಡಪಾ. ತೂಕ, ರೇಟು ಸರಿ ಇದ್ರ ಸಾಕು."

ಬೆಂಗಳೂರಿಗೆ ಬಂದ ಮೇಲೆ ಒಂದು ಅಭ್ಯಾಸ ಶುರು ಮಾಡಿದೀನಿ. ಭಾನುವಾರ ಫೋನ್ ಮಾಡಿದಾಗ ಮೊದಲು "ಊಟ ಆಯ್ತಾ", ಆಮೇಲೆ "ಇವತ್ತು ಗಂಜಲ್ಲಿ ರೇಟೆಷ್ಟು?" ಊರಲ್ಲಿ ಹೊಲ ಇರೋರು ನೀವೂ ಒಮ್ಮೆ ಕೇಳಿ ನೋಡಿ. ನಮ್ಮಪ್ಪ ಈಗ ಹತ್ತು ನಿಮಿಷ ಜಾಸ್ತಿ ಮಾತಾಡ್ತಾರೆ.