ಮೂರು ಬೆರಳು ಬಾಯಾಗ ಹೋಗ್ತಾವೇನು, ನೋಡ್ಕೊಳ್ರಿ

ನಾಡಿದ್ದು ತೊಗರಿ ಕೊಯ್ಲು ಶುರು ಮಾಡ್ಬೇಕು ಅಂತ ಮಾಡೀನಿ. ಮ್ಯಾಲಿನ ಕೆಂಪು ಮಣ್ಣಿನ ಪಟ್ಟಿಯಾಗ ಕಾಯಿ ಒಣಗ್ಯಾವ, ಕೆಳಗಿನ ಕರಿ ಹೊಲಕ್ಕ ಇನ್ನೂ ಒಂದು ವಾರ ಬೇಕು. ಆದ್ರ ಇವತ್ತಿನ ಬರಹ ತೊಗರಿ ಬಗ್ಗೆ ಅಲ್ಲ. ಕೊಯ್ಲಿಗೆ ಬರೋ ಆಳುಗಳಿಗೆ ಕೂಲಿ ಜೊತೆ ನಾವು ಏನು ಕೊಡ್ತೀವಿ, ಅದರ ಬಗ್ಗೆ. ಮೊದಲು ನನ್ನ ಬಾಯಿ ಕಥೆ ಹೇಳ್ತೀನಿ.

ಹೋದ ವರ್ಷದ ಎಳ್ಳಮಾಸಿ. ಭಾಲ್ಕಿ ಕಡೆಯ ನಮ್ಮ ಹೊಲದಾಗ ಮನಿ ಮಂದಿ ಎಲ್ಲಾ ಕೂಡಿದ್ರು, ಔರಾದಿನಿಂದ ಅಕ್ಕ ಮಕ್ಕಳನ್ನ ಕರಕೊಂಡು ಬಂದಿದ್ಲು. ಚರಗ ಚೆಲ್ಲಿ ಬಂದು ಊಟಕ್ಕ ಕುಂತ್ವಿ. ಸಜ್ಜಿ ರೊಟ್ಟಿಯಾಗ ಭಜ್ಜಿ ಇಟ್ಟು, ಮಡಚಿ ಬಾಯಿಗೆ ಒಯ್ದೆ, ಒಳಗ ಹೋಗಲಿಲ್ಲ. ಚೂರು ಚೂರು ಮುರಕೊಂಡು ತಿಂದೆ. ಅಕ್ಕನ ಸಣ್ಣ ಮಗಳು, "ಮಾಮಾ ಗುಬ್ಬಿ ತಿಂದಂಗ ತಿಂತಾನ ನೋಡ್ರಿ" ಅಂದ್ಲು. ಎಲ್ಲಾರೂ ನಕ್ಕರು, ನಾನೂ ನಕ್ಕೆ.

ಖರೆ ಹೇಳ್ಬೇಕಂದ್ರ ಅದಕ್ಕಿಂತ ಒಂದೂವರೆ ವರ್ಷ ಮೊದಲೇ ನನಗ ಗೊತ್ತಾಗಬೇಕಿತ್ತು. ಖಾರ ತಿಂದ್ರ ಬಾಯಿ ಬೆಂಕಿ ಹಚ್ಚಿದಂಗ ಉರಿತಿತ್ತು. "ಈ ಸಲ ಮೆಣಸಿನಕಾಯಿನೇ ಜಾಸ್ತಿ ಖಾರ" ಅಂತ ಮೆಣಸಿನಕಾಯಿ ಮ್ಯಾಲ ಹಾಕಿದೆ. ಹೆಂಡತಿ ನನಗ ಅಂತ ಬ್ಯಾರೆ ಸಪ್ಪನ ಸಾರು ಮಾಡ್ಲಾಕ ಶುರು ಮಾಡಿದ್ಲು. ಔಷಧಿ ಅಂಗಡಿಯಾಗ ಕೇಳಿದ್ರ "ವಿಟಮಿನ್ ಕಮ್ಮಿ ಆಗ್ಯದ" ಅಂತ ಗುಳಿಗಿ ಕೊಟ್ರು. ಅದನ್ನೇ ನುಂಗಿಕೋತ ಕುಂತೆ.

ನನ್ನ ಚಟ ನಿಮಗೆಲ್ಲಾ ಗೊತ್ತಿದ್ದದ್ದೇ. ತ್ರೀ ಫೇಸ್ ಕರೆಂಟ್ ರಾತ್ರಿ ಬರ್ತದ, ಕಬ್ಬಿಗೆ ನೀರು ತಿರುವಲಾಕ ಎಚ್ಚರ ಇರಬೇಕು, ಎಚ್ಚರಕ್ಕ ಒಂದು ಪುಡಿ. 2013ರಾಗ ಕರ್ನಾಟಕ ಸರ್ಕಾರ ಗುಟ್ಕಾ ಬಂದ್ ಮಾಡ್ತು. ಆಮ್ಯಾಲ ಪಾನ್ ಮಸಾಲಾ ಒಂದು ಪುಡಿ, ತಂಬಾಕು ಒಂದು ಪುಡಿ ಅಂತ ಬ್ಯಾರೆ ಬ್ಯಾರೆ ಬಂದ್ವು. ಕಾಯ್ದೆ ಒಂದು ಪುಡಿ ಬಂದ್ ಮಾಡಿದ್ರ ನಾವು ಎರಡು ಹರಿದು ಅಂಗೈಯಾಗ ಕೂಡಿಸ್ಕೊಂಡ್ವಿ.

ಎಳ್ಳಮಾಸಿ ಮುಗಿದ ಮೂರನೇ ದಿನಕ್ಕ ಅಕ್ಕ ಬೈದು ಬೀದರಿಗೆ ಎಳಕೊಂಡು ಹೋದ್ಲು. ನೌಬಾದಿನ ದಂತ ಕಾಲೇಜಿನಾಗ ಒಬ್ಬ ಡಾಕ್ಟರ್ ಮೇಡಂ ನನ್ನ ಕೈಯಿನ ಮೂರು ಬೆರಳು ಕೂಡಿಸಿ, ಒಂದರ ಮ್ಯಾಲ ಒಂದು ಬರೋ ಹಂಗ ನಿಂದ್ರಿಸಿ, "ಮುಂದಿನ ಹಲ್ಲಿನ ನಡುವೆ ಇಡ್ರಿ" ಅಂದ್ರು. ಎರಡೇ ಹೋದ್ವು, ಅದೂ ಬಿಗಿಯಾಗಿ. ಸ್ಕೇಲ್ ಹಿಡಿದ್ರ 24 ಮಿ.ಮೀ. ಚಲೋ ಇದ್ದ ಬಾಯಿ ಸಾಮಾನ್ಯವಾಗಿ 35ಕ್ಕಿಂತ ಜಾಸ್ತಿ ತೆರಿತದಂತ.

ಅವರು ತಿಳಿಸಿ ಹೇಳಿದ್ದು ಇಷ್ಟು. ಅಡಿಕೆಯೊಳಗಿನ ಅಂಶ ಗಲ್ಲದ ಒಳಗಿನ ಮೆತ್ತನ ಪೊರೆಯನ್ನ ದಿನಾ ಸ್ವಲ್ಪ ಸ್ವಲ್ಪ ನಾರಾಗಿಸ್ತದ. ಪೊರೆ ಬಿಳಿಚಿ, ಗಟ್ಟಿಯಾಗಿ, ಬಾಯಿ ತೆರೀದಂಗ ಹಿಡಿತದ. ಇದಕ್ಕ ತಂಬಾಕು ಇರಲೇಬೇಕು ಅಂತಿಲ್ಲ, ಬರೇ ಸುಪಾರಿ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಾಗೇ ಅಡಿಕೆಯನ್ನ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಗೆ ಸೇರಿಸ್ಯದ. "ನಾ ತಂಬಾಕು ಬಿಟ್ಟೀನಿ, ಸಾದಾ ಸುಪಾರಿ ಅಷ್ಟೇ" ಅನ್ನೋ ಅಣ್ಣಗೋಳು ಇದನ್ನ ಇನ್ನೊಮ್ಮೆ ಓದ್ರಿ.

"ಪೂರ್ತಿ ಮೊದಲಿನಂಗ ಆಗೂದಿಲ್ಲ. ಇವತ್ತೇ ಬಿಟ್ರ ಮುಂದ ಬೆಳೆಯೋದು ತಡೀಬಹುದು. ಬಿಡಲಿಲ್ಲಂದ್ರ ಇದೇ ಜಾಗದಾಗ ಕ್ಯಾನ್ಸರ್ ಆಗೋ ಭಯ ಅದ" ಅಂದ್ರು. ನನಗ ತೊಗರಿ ನೆಟೆ ರೋಗ ನೆನಪಾಯ್ತು. ಗಿಡ ಬಾಡಿದ್ದು ಕಣ್ಣಿಗೆ ಕಾಣೋ ಹೊತ್ತಿಗೆ ಬೇರು ಯಾವಾಗೋ ಹೋಗಿರ್ತದ. ಅದಕ್ಕೇ ಅಲ್ಲೇನು ನಾವು ಬಿತ್ತೋಕಿಂತ ಮೊದಲೇ ಟ್ರೈಕೋಡರ್ಮಾ ಹಚ್ಚೋದು?

ಅಕ್ಕನ ಬಾಯಿನೂ ಅವತ್ತೇ ನೋಡಿದ್ರು. ಆಕಿ ತಂಬಾಕು ಸುಟ್ಟು ಕಪ್ಪಗ ಪುಡಿ ಮಾಡಿದ ಮಿಶ್ರಿಲೆ ಹಲ್ಲು ಉಜ್ಜತಾಳ, ಮುಂಜಾನಿ ಒಮ್ಮೆ, ಊಟ ಆದ ಮ್ಯಾಲ ಒಮ್ಮೆ. "ನಾ ತಂಬಾಕು ತಿನ್ನೂದಿಲ್ರಿ, ಹಲ್ಲು ಉಜ್ಜತೀನಿ ಅಷ್ಟೇ" ಅಂದ್ಲು. ವಸಡು ಕೆಳಗ ಸರಿದು ಎರಡು ಹಲ್ಲು ಅಲುಗಾಡ್ತಿದ್ವು. ಮಿಶ್ರಿ ಅಂದ್ರ ತಂಬಾಕೇ, ವಸಡಿನಿಂದ ರಕ್ತಕ್ಕ ಇಳಿತದ, ಅದಕ್ಕೇ ಬಿಟ್ರ ತಲಿ ನೋಯ್ತದ. ನನಗ ಬೈದು ಕರಕೊಂಡು ಹೋದಾಕಿ ಬಸ್ಸಿನಾಗ ವಾಪಸ್ ಬರೋತನಕ ಮಾತಾಡಲಿಲ್ಲ.

ಈಗ ಹೇಳ್ಬೇಕಾದ ಕಷ್ಟದ ಮಾತು. ನಮ್ಮ ಹೊಲದಾಗ ಇಪ್ಪತ್ತು ವರ್ಷದಿಂದ ದುಡಿಯೋ ಒಬ್ಬ ಕಾಕಾ ಇದ್ದಾನ. ತಂಬಾಕು-ಸುಣ್ಣ ತಿಕ್ಕಿ ಇಡೋ ಗಲ್ಲದಾಗ ಅವನಿಗೆ ಒಂದು ಬಿಳಿ ಮಚ್ಚಿ ಇತ್ತು. "ಸುಣ್ಣ ಸುಟ್ಟದ" ಅಂತಿದ್ದ. ಮರುವಾರ ಅವನನ್ನೂ ಕರಕೊಂಡು ಹೋದೆ. ಚೂರು ಕತ್ತರಿಸಿ ತಪಾಸಣಿಗೆ ಕಳಿಸಿದ್ರು. ರಿಪೋರ್ಟ್ ಬರಲಾಕ ಎಂಟು ದಿನ. ಆ ಎಂಟು ದಿನ ನನಗ ನಿದ್ದಿ ಇಲ್ಲ, ಯಾಕಂದ್ರ ಇಪ್ಪತ್ತು ವರ್ಷ ಕೂಲಿ ಜೊತೆ ಅವನ ಕೈಯಾಗ ತಂಬಾಕು ಪುಡಿ ಇಟ್ಟವನು ನಾನು. ಅದಕ್ಕಿಂತ ಮೊದಲು ನಮ್ಮಪ್ಪ. ರಿಪೋರ್ಟಿನಾಗ ಕ್ಯಾನ್ಸರ್ ಇರಲಿಲ್ಲ, ಆದ್ರ ಬದಲಾವಣಿ ಶುರು ಆಗ್ಯದ, ಮೂರು ತಿಂಗಳಿಗೊಮ್ಮೆ ತೋರಿಸ್ಬೇಕು ಅಂದ್ರು. ಕಾಕಾ ಎರಡು ಸಲ ಬಿಟ್ಟು ಮತ್ತ ಹಿಡಿದ. ಈಗ ಮೂರನೇ ಸಲ ಬಿಟ್ಟಾನ.

ಅದಕ್ಕ ಈ ಸಲದ ಕೊಯ್ಲಿಗೆ ನಾ ಪುಡಿ ಕೊಡೂದಿಲ್ಲ ಅಂತ ಹೇಳಿಬಿಟ್ಟೀನಿ. ಅದರ ಬದಲು ಕೂಲಿ ಮ್ಯಾಲ ಇಪ್ಪತ್ತು ರೂಪಾಯಿ ಜಾಸ್ತಿ, ಚಹಾ ಹೊತ್ತಿಗೆ ಹುರಿದ ಶೇಂಗಾ. ಇಬ್ಬರು "ಹಂಗಾದ್ರ ನಾವು ಬರೂದಿಲ್ಲ" ಅಂದು ಬ್ಯಾರೆ ಹೊಲ ಹಿಡಿದ್ರು. ಬಾಜು ಹೊಲದ ಅಣ್ಣ "ನೀ ರಿವಾಜು ಕೆಡಸ್ಲಾಕತ್ತಿ" ಅಂದ. ಕೆಡಸ್ತೀನಿ, ಖರೆ. ಆದ್ರ ನಾ ಒಬ್ಬನೇ ಕೆಡಿಸಿದ್ರ ಆಳು ನಿಮ್ಮ ಹೊಲಕ್ಕ ಬರ್ತಾರ, ಪುಡಿ ಅಲ್ಲಿ ಸಿಗ್ತದ. ಐದು ಹೊಲದವರು ಕೂಡಿ ಕೆಡಿಸಿದ್ರ ಅದೇ ಹೊಸ ರಿವಾಜು ಆಗ್ತದ. ಅದಕ್ಕೇ ಇಷ್ಟುದ್ದ ಬರದೀನಿ.

ಡಾಕ್ಟರ್ ಕಡೆಯಿಂದ ಕಲಿತದ್ದನ್ನ ನಿಮಗೂ ಹೇಳ್ತೀನಿ.

ತಿಂಗಳಿಗೊಮ್ಮೆ ಕನ್ನಡಿ ಮುಂದ ಬೆಳಕಿನಾಗ ನಿಂತು ಬಾಯಿ ನೋಡ್ಕೊಳ್ರಿ. ಗಲ್ಲ, ನಾಲಿಗಿಯ ಎರಡೂ ಬಾಜು, ನಾಲಿಗಿ ಕೆಳಗ. ಬಿಳಿ ಇಲ್ಲಾ ಕೆಂಪು ಮಚ್ಚಿ, ಎರಡು ವಾರಾದ್ರೂ ಮಾಯದ ಹುಣ್ಣು, ಕಾರಣ ಇಲ್ಲದೇ ಅಲುಗಾಡೋ ಹಲ್ಲು, ಖಾರಕ್ಕ ಉರಿ, ಮೂರು ಬೆರಳು ಹೋಗದ ಬಾಯಿ: ಇದರಾಗ ಒಂದು ಕಂಡ್ರೂ ತಡಾ ಮಾಡಬ್ಯಾಡ್ರಿ. ನೋವಿಲ್ಲ ಅಂತ ಸುಮ್ಮನ ಕೂಡಬ್ಯಾಡ್ರಿ, ಶುರುವಿಗೆ ನೋವು ಇರೂದೇ ಇಲ್ಲ.

ಇದ್ದಿಲು, ಇಟ್ಟಂಗಿ ಪುಡಿ, ಮಿಶ್ರಿ ಬಿಟ್ಟು ಫ್ಲೋರೈಡ್ ಇರೋ ಪೇಸ್ಟಿಲೆ ಮೆತ್ತನ ಬ್ರಶ್ ಹಚ್ರಿ. ಮುಂಜಾನಿ ಒಮ್ಮೆ, ರಾತ್ರಿ ಮಲಗೋ ಮುಂದ ಒಮ್ಮೆ. ರಾತ್ರಿದು ಬಿಡಬ್ಯಾಡ್ರಿ, ಮಲಗಿದಾಗ ಜೊಲ್ಲು ಕಮ್ಮಿ, ಹುಳುಕಿಗೆ ಅದೇ ಸುಗ್ಗಿ. ಉಜ್ಜುವಾಗ ರಕ್ತ ಬಂದ್ರ ಉಜ್ಜೋದು ಬಿಡೋದಲ್ಲ, ತೋರಿಸೋದು. ಸಕ್ಕರಿ ಕಾಯಿಲೆ ಇದ್ದವರಿಗೆ ವಸಡಿನ ರೋಗ ಜಲ್ದಿ ಹಿಡಿತದ.

ಮಕ್ಕಳಿಗೆ ಚಾಕ್ಲೇಟ್, ಬಿಸ್ಕಿಟ್ ದಿನಪೂರ್ತಿ ಕೈಯಾಗ ಕೊಡಬ್ಯಾಡ್ರಿ. ಸಿಹಿ ಎಷ್ಟು ಅನ್ನೋದರಷ್ಟೇ ದಿನಕ್ಕ ಎಷ್ಟು ಸಲ ಅನ್ನೋದೂ ಹಲ್ಲು ಕೆಡಸ್ತದ. "ಹಾಲು ಹಲ್ಲು, ಹ್ಯಾಂಗೂ ಬೀಳ್ತಾವ" ಅನಬ್ಯಾಡ್ರಿ, ಮುಂದಿನ ಹಲ್ಲಿಗೆ ಜಾಗ ಹಿಡಿಯೋವು ಅವೇ.

ಬಿಡಬೇಕು ಅಂದೋರಿಗೆ ತಂಬಾಕು ಪುಡಿ ಮ್ಯಾಲೇ ಒಂದು ನಂಬರ್ ಇರ್ತದ, 1800-11-2356. ರೊಕ್ಕ ಬೀಳೂದಿಲ್ಲ. ನಾ ಬಿಟ್ಟಾಗ ಮೊದಲ ಹದಿನೈದು ದಿನ ಬಲೇ ತ್ರಾಸ, ಸಿಟ್ಟು, ಮನಿ ಮಂದಿಗೆಲ್ಲಾ ಬೈದೀನಿ. ನೀರು ತಿರುವೋ ರಾತ್ರಿ ಬಾಯಾಗ ಒಂದು ಲವಂಗ ಇಟ್ಕೋತಿದ್ದೆ.

ಐಸ್‌ಕ್ರೀಮ್ ಕಡ್ಡಿ ಒಂದರ ಮ್ಯಾಲೊಂದು ಹಲ್ಲಿನ ನಡುವೆ ಇಟ್ಟು ಬಾಯಿ ತೆರಿಯೋ ವ್ಯಾಯಾಮ ಕೊಟ್ಟಾರ, ಮುಂಜಾನಿ-ಸಂಜಿ ಮಾಡ್ತೀನಿ. ಹೋದ ತಿಂಗಳು ಅಳೆದ್ರ 28 ಮಿ.ಮೀ. ಈ ಸಲದ ಎಳ್ಳಮಾಸಿಗೂ ರೊಟ್ಟಿ ಚೂರು ಮಾಡೇ ತಿಂದೆ, ಆದ್ರ ಎಲ್ಲಾರು ತಿಂದ ಭಜ್ಜಿನೇ ತಿಂದೆ. ಬ್ಯಾರೆ ಸಾರು ಮಾಡಲಿಲ್ಲ.

ಈಗ ಓದೋದು ನಿಲ್ಲಿಸಿ ಮೂರು ಬೆರಳು ಇಟ್ಟು ನೋಡ್ಕೊಳ್ರಿ. ಆಮ್ಯಾಲ, ಈ ಕೊಯ್ಲಿಗೆ ಪುಡಿ ಬಂದ್ ಮಾಡೋರು ಯಾರ್ಯಾರು ಅದೀರಿ, ಹೇಳ್ರಿ. ಬಾಜು ಹೊಲದ ಅಣ್ಣಾ, ನಿನಗೂ ಕೇಳ್ಲಾಕತ್ತೀನಿ.