ಎರಡು ಮಾತಿನ ಮಿದುಳು

ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಷಿಯಾ ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡು ಭಾಷೆ ಆಡುವವರಿಗೆ ಈ ಮರೆವಿನ ಕಾಯಿಲೆ ಶುರುವಾದದ್ದು ಒಂದೇ ಭಾಷೆಯವರಿಗಿಂತ ಸುಮಾರು ನಾಲ್ಕೂವರೆ ವರ್ಷ ತಡವಾಗಿ. ಓದು ಬರಹ ಬಾರದವರಲ್ಲೂ ಈ ಅಂತರ ಕಂಡಿತು ಅನ್ನೋದು ನನಗೆ ಬಹಳ ದೊಡ್ಡ ವಿಷಯ. ಮನೆಯಲ್ಲಿ ತೆಲುಗು ಆಡಿ, ಸಂತೆಯಲ್ಲಿ ಗಿರಾಕಿಯ ಮುಖ ನೋಡಿದ ಕೂಡಲೇ ದಖ್ಖನಿ ಉರ್ದುವಿಗೆ ಹೊರಳುವ ತರಕಾರಿ ಮಾರುವವಳನ್ನು ನೆನೆಸಿಕೊಳ್ಳಿ. ಒಂದು ಭಾಷೆ ಆಡುವಾಗ ಇನ್ನೊಂದೂ ತಲೆಯಲ್ಲಿ ಎಚ್ಚರವಾಗಿಯೇ ಇರುತ್ತದೆ. ಅದನ್ನು ತಡೆದು ಇದನ್ನು ಆರಿಸುವ ಕೆಲಸ ಮಿದುಳಿಗೆ ದಿನವಿಡೀ. ಈ ದುಡಿಮೆಯೇ ಮಿದುಳನ್ನು ಕಾಯುತ್ತಿರಬಹುದು ಎಂಬುದು ಸಂಶೋಧಕರ ಊಹೆ.

ಇದನ್ನೆಲ್ಲ ಓದಿದ ಮೇಲೆ, ಮನೆಯ ತುಳುವನ್ನೋ ಕೊಂಕಣಿಯನ್ನೋ 'ಮಗುವಿಗೆ ಗೊಂದಲವಾಗುತ್ತೆ' ಅಂತ ಬಿಡಿಸುವವರನ್ನು ಕಂಡರೆ ಸಂಕಟವಾಗುತ್ತದೆ.

ಹಾಗಂತ ವಾದ ಮುಗಿದಿಲ್ಲ. ಬೇರೆ ಕಡೆಯ ಕೆಲವು ಅಧ್ಯಯನಗಳಲ್ಲಿ ಎರಡು ಭಾಷೆಯ ಈ ಲಾಭ ಕಂಡಿಲ್ಲ. ಹೈದರಾಬಾದಿನಲ್ಲೂ ಮೂರನೆಯ, ನಾಲ್ಕನೆಯ ಭಾಷೆಯಿಂದ ಹೆಚ್ಚುವರಿ ಲಾಭ ಸಿಗಲಿಲ್ಲ. ಡಾ. ಅಲ್ಲಾಡಿ ಆಮೇಲೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಮನೆಯಲ್ಲೊಂದು, ಬೀದಿಯಲ್ಲೊಂದು, ಆಫೀಸಿನಲ್ಲಿ ಮತ್ತೊಂದು ಭಾಷೆ ಆಡುವ ಊರು. ಇಂಥ ಪ್ರಶ್ನೆ ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.