ಮುಳುಗುವವನ ಪಂಚಾಂಗ

ಸಪ್ತಾಪುರದಲ್ಲಿ ಮನೆಮಾಡಿದವನೊಬ್ಬನು ಸಮುದ್ರದ ಆಳವನ್ನು ಅಳೆಯುವ ಯಂತ್ರವನ್ನು ಕೊಳ್ಳಹೊರಟರೆ ನೆರೆಹೊರೆಯವರು ನಗದೆ ಬಿಟ್ಟಾರೆಯೇ? ಆಳವಾದ ನೀರೆಂದರೆ ಸಪ್ತಾಪುರ ಭಾವಿಯೇ ಮೊದಲು ನೆನಪಿಗೆ ಬರುವ ಓಣಿ ನಮ್ಮದು. ಆದರೆ ಧಾರವಾಡದಿಂದ ಹೊರಟು ಅರಬೈಲು ಘಟ್ಟವನ್ನಿಳಿದರೆ ಕಡಲು. ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ದೋಣಿಯಲ್ಲಿ ಸಾಗಿದರೆ ನೇತ್ರಾಣಿ ದ್ವೀಪ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಅಲ್ಲಿಯ ಬಂಡೆಗಳ ನಡುವೆ ಮೀನುಗಳ ಜೊತೆಗೆ ಈಜುವ ಹುಚ್ಚು ನನಗೆ ಹಿಡಿದು ಕೆಲವು ವರ್ಷಗಳಾದವು. ಈಗ ಅದು ನನ್ನ ಅಕ್ಕನ ಮಗನಿಗೂ ಅಂಟಿದೆ.

ಅವನು ಸ್ಕೂಬಾ ಡೈವಿಂಗಿನ ಮೊದಲ ಶಿಕ್ಷಣವನ್ನು ಮುಗಿಸಿದ್ದಾನೆ. ಸ್ವಂತದ್ದೊಂದು ಡೈವ್ ಕಂಪ್ಯೂಟರ್ ಬೇಕಾಗಿದೆ. ಕೈಯಲ್ಲಿರುವುದು ಮನೆಪಾಠ ಹೇಳಿ ಕೂಡಿಸಿದ ದುಡ್ಡು.

“ಮಾಮಾ, ಕೈಗೆ ಕಟ್ಟೋ ಒಂದು ಗಡಿಯಾರಕ್ಕ ಇಷ್ಟು ರೊಕ್ಕ ಯಾಕ ಬೇಕ್ರಿ? ಜೋಡಿ ಬರೋ ಗುರುಗಳ ಕೈಯಾಗ ಒಂದು ಇರ್ತದಲ್ಲ?” ಎಂದು ಕೇಳಿದ.

ಪ್ರಶ್ನೆ ನ್ಯಾಯವಾದದ್ದೇ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಮೈಮೇಲಿನ ಒತ್ತಡ ಒಂದೊಂದು ವಾಯುಭಾರದಷ್ಟು ಏರುತ್ತದೆ. 20 ಮೀಟರಿನಲ್ಲಿ ದಡದ ಮೂರರಷ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತಮಾಂಸಗಳಲ್ಲಿ ಕರಗಿ ಕೂರುತ್ತದೆ. ಮೆಲ್ಲನೆ ಮೇಲೇರಿದರೆ ಅದು ಉಸಿರಿನೊಡನೆ ಹೊರಟುಹೋಗುತ್ತದೆ. ಅವಸರದಿಂದ ಏರಿದರೆ, ಗೋಲಿ ಸೋಡಾದ ಗೋಲಿಯನ್ನು ಒತ್ತಿದಾಗ ನೊರೆ ಉಕ್ಕುವಂತೆ, ಮೈಯೊಳಗೇ ಗುಳ್ಳೆಗಳೇಳುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನಾದರೂ ಆಗಬಹುದು.

ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂಬ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಸಂಗಡಿಗರು. ಅದಕ್ಕಾಗಿ ಅವರು ಪ್ರಯೋಗ ನಡೆಸಿದ್ದು ಆಡುಗಳ ಮೇಲೆ. ಮುದ್ರಿತ ಕೋಷ್ಟಕವು, ಮುಳುಗಿದವನು ಇಡೀ ಹೊತ್ತು ಅತ್ಯಂತ ಆಳದಲ್ಲಿಯೇ ಇದ್ದನೆಂದು ಎಣಿಸುತ್ತದೆ. 1980ರ ದಶಕದಲ್ಲಿ ಬಳಕೆಗೆ ಬಂದ ಡೈವ್ ಕಂಪ್ಯೂಟರಾದರೋ ಕ್ಷಣಕ್ಷಣದ ಆಳವನ್ನು ನೋಡಿ ಲೆಕ್ಕ ಹಾಕುತ್ತದೆ. ಆದುದರಿಂದಲೇ ಗುರುವಿನ ಯಂತ್ರ ಶಿಷ್ಯನಿಗೆ ಸಲ್ಲದು. ಗುರು ಮೇಲಿದ್ದಾಗ ಶಿಷ್ಯನು ನಾಲ್ಕು ಮೀಟರ್ ಕೆಳಗಿರಬಹುದು. ಮೊದಲ ಮುಳುಗಿನ ಸಾರಜನಕವನ್ನು ನೆನಪಿಟ್ಟುಕೊಂಡೇ ಯಂತ್ರವು ಎರಡನೆಯದರ ಲೆಕ್ಕ ಹಾಕುವುದರಿಂದ, ನಡುವೆ ಅದಲುಬದಲು ಮಾಡುವಂತೆಯೂ ಇಲ್ಲ. ಒಬ್ಬನ ಜಾತಕ ಇನ್ನೊಬ್ಬನಿಗೆ ಹೊಂದೀತೇ?

ಹಾಗಾದರೆ ಅಗ್ಗದ ಯಂತ್ರದಲ್ಲಿ ಏನೇನಿರಬೇಕು? ಆಳ, ಕಳೆದ ಸಮಯ, ಉಳಿದ ಸಮಯ, ಇವು ಮಬ್ಬು ನೀರಿನಲ್ಲಿಯೂ ಕಾಣುವ ದೊಡ್ಡ ಅಂಕೆಗಳಲ್ಲಿರಬೇಕು. ಬೇಗ ಏರಿದರೆ ಕೂಗಿ ಎಚ್ಚರಿಸಬೇಕು. ನಿಮಿಷಕ್ಕೆ 9 ಮೀಟರಿಗಿಂತ ಹೆಚ್ಚು ಏರಬಾರದೆಂಬುದು ರೂಢಿಯ ನಿಯಮ. ಕೊನೆಗೆ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದನ್ನು ಎಣಿಸಿಕೊಡಬೇಕು. ಹೆಚ್ಚು ಆಮ್ಲಜನಕ ಬೆರೆತ ನೈಟ್ರಾಕ್ಸ್ ಗಾಳಿಗೂ ಹೊಂದಬೇಕು, ಮುಂದೆ ಬೇಕಾದೀತು. ಬ್ಯಾಟರಿಯನ್ನು ನಾವೇ ಬದಲಿಸುವಂತಿರಬೇಕು; ಅದಕ್ಕಾಗಿ ಯಂತ್ರವನ್ನು ದೂರದೂರಿಗೆ ಕಳಿಸಿದರೆ ಅಗ್ಗವೇ ತುಟ್ಟಿಯಾದೀತು. ಕ್ರೆಸ್ಸಿಯ ಲಿಯೋನಾರ್ಡೊ, ಮಾರೆಸ್‌ನ ಪಕ್ ಪ್ರೊ, ಸೂಂಟೊದ ಝೂಪ್ ನೋವೊ ಇವು ಹೊಸಬರಿಗೆಂದೇ ತಯಾರಾದವು. ಇಷ್ಟು ಕೆಲಸವನ್ನು ಮಾಡಬಲ್ಲವು. ಬಣ್ಣದ ಪರದೆ, ಸಿಲಿಂಡರಿನ ಒತ್ತಡವನ್ನು ನಿಸ್ತಂತುವಾಗಿ ತೋರಿಸುವ ಸಾಧನ, ಹಲವು ಅನಿಲಗಳ ಲೆಕ್ಕ, ಇವೆಲ್ಲ ಒಡವೆಗಳು. ಮೊದಲ ಯಂತ್ರಕ್ಕೆ ಬೇಡ.

ಇನ್ನೊಂದು ಸಾಲು ಆ ಯಂತ್ರದ ಪರದೆಯಲ್ಲಿರುತ್ತದೆ. ವಿಮಾನವೇರಲು ಇನ್ನೆಷ್ಟು ತಾಸು ಕಾಯಬೇಕೆಂಬುದನ್ನು ಅದು ತೋರಿಸುತ್ತದೆ. ನನ್ನ ಅಳಿಯ ಅದನ್ನು ನೋಡಿ, “ನಾವೇನು ವಿಮಾನದಾಗ ಹೋಗೋದಿಲ್ಲಲ್ರಿ ಮಾಮಾ, ಬಸ್ಸಿನ್ಯಾಗ ಹೋಗ್ತೀವಿ” ಎಂದ.

ಧಾರವಾಡದವನು ಎಲ್ಲಕ್ಕಿಂತ ಹೆಚ್ಚಾಗಿ ಓದಬೇಕಾದ ಸಾಲು ಅದೇ. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಉಳಿದ ಸಾರಜನಕಕ್ಕೆ ಗುಳ್ಳೆಯಾಗಲು ಅದೇ ಅವಕಾಶ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯು 2002ರಲ್ಲಿ ಕರೆದ ತಜ್ಞರ ಸಭೆಯು ಒಂದೇ ಮುಳುಗಿಗೆ 12 ತಾಸು, ಹಲವು ಮುಳುಗುಗಳಿಗೆ 18 ತಾಸು ಕಾಯಿರೆಂದು ಸೂಚಿಸಿತು. ಸೂಚನೆ ವಿಮಾನಕ್ಕೆ ಸಂಬಂಧಿಸಿದ್ದಾದರೂ ಅದು ಅನ್ವಯಿಸುವುದು 2,000 ಅಡಿಯ, ಎಂದರೆ ಸುಮಾರು 610 ಮೀಟರಿನ ಎತ್ತರದಿಂದ. ನಮ್ಮ ಧಾರವಾಡವಿರುವುದು 700 ಮೀಟರಿಗೂ ಮೇಲೆ! ಏರಿದ್ದು ರೆಕ್ಕೆಯಿಂದಲೋ ಗಾಲಿಯಿಂದಲೋ ಎಂದು ರಕ್ತವು ವಿಚಾರಿಸುವುದಿಲ್ಲ. ಬೆಳಿಗ್ಗೆ ನೇತ್ರಾಣಿಯಲ್ಲಿ ಎರಡು ಸಲ ಮುಳುಗಿ ಸಂಜೆಯ ಬಸ್ಸಿಗೆ ಘಟ್ಟ ಹತ್ತುವವನು, ತನಗರಿಯದೆಯೇ, ವಿಮಾನವೇರಿದವನ ಅಪಾಯಕ್ಕೆ ಮೈಯೊಡ್ಡುತ್ತಾನೆ.

ಯಂತ್ರವು ಪಂಚಾಂಗದಂತೆ, ಗಣಿತ ಹೇಳೀತು, ಕೈಹಿಡಿದು ನಿಲ್ಲಿಸಲಾರದು. ನಮ್ಮ ಮೈಯ ದಣಿವು, ನೀರಡಿಕೆ, ವಯಸ್ಸು ಅದಕ್ಕೆ ಕಾಣವು. ಆದುದರಿಂದ ಅದು ತೋರಿದ ಮಿತಿಗಿಂತ ಈಚೆಗೇ ನಿಲ್ಲುವುದು ಮೇಲು.

ಕಡೆಗೆ ಹುಡುಗನು ಬಣ್ಣದ ಪರದೆಯ ಆಸೆಯನ್ನು ಬಿಟ್ಟು ಕಪ್ಪುಬಿಳುಪಿನ ಸಾದಾ ಯಂತ್ರವನ್ನೇ ಆರಿಸಿದ. ಉಳಿದ ಹಣವನ್ನು ಬೇರೆಯಾಗಿ ತೆಗೆದಿಡಲು ಹೇಳಿದ್ದೇನೆ. ಮುಳುಗಿದ ದಿನದ ರಾತ್ರಿ ಮುರ್ಡೇಶ್ವರದಲ್ಲಿಯೇ ಉಳಿಯಲು ಒಂದು ಕೋಣೆಯ ಬಾಡಿಗೆ ಬೇಕಲ್ಲ. ಮೊದಲ ಡೈವ್ ಕಂಪ್ಯೂಟರಿನ ಬೆಲೆಯಲ್ಲಿ ಅದನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು.